ಪಾಷಾ ಬಿಡಿಸಿಕೊಳ್ಳಲು ಬಂದ ಋಣ

ರುಕ್ನೆತ್ತಿನ್ ಪಾಷಾ ಓಟು ಕೇಳಲು ಬಂದವರ ಹಾಗೆ ನಗುನಗುತ್ತ ಅಣ್ಣನ ಮನೆಯ ಬಾಗಿಲಲ್ಲಿ ಶೂ ಕಳಚಿದರು. ಹಾಳು ಚಾಳಿ! ಸೈನ್ಯದಲ್ಲಿ ಪಾಷಾ, ಅಂದರೆ ಜನರಲ್ ಆಗಿದ್ದಷ್ಟು ಕಾಲ ಗದರುವುದೊಂದೇ ಗೊತ್ತಿದ್ದ ಮನುಷ್ಯನಿಗೆ, ರಾಜಕೀಯಕ್ಕಿಳಿದ ಮೇಲೆ ಅಂಟಿದ ನಗು ಸಾಯುವವನ ಮನೆಯಲ್ಲೂ ಬಿಡಲೊಲ್ಲದು.

ಒಳಗೆ ಅಣ್ಣ ನಿಯಾಜಿ ಇವತ್ತೋ ನಾಳೆಯೋ ಅನ್ನುವಂತಿದ್ದರು. ಹೋಗುವವನ ಋಣ ಹೊತ್ತವನು ಅವನ ಬಾಯಿಂದಲೇ 'ಹಲಾಲ್, ಬಿಟ್ಟೆ' ಅನ್ನಿಸಿಕೊಳ್ಳಬೇಕು. ಇಲ್ಲದಿದ್ದರೆ ದೇವರೂ ಅದನ್ನು ಮನ್ನಾ ಮಾಡುವುದಿಲ್ಲ. ಆ ಒಂದು ಮಾತಿಗಾಗಿ ಪಾಷಾ ರಾಜಧಾನಿ ಅಂಕಾರಾದಿಂದ ಓಡಿ ಬಂದಿದ್ದರು.

"ಬಂದ್ರಾ ಪಾಷಾ? ಫೋಟೋದವ್ರು ಎಲ್ಲಿ, ಹಿಂದೆ ಬರ್ತಿದ್ದಾರಾ?" ಅಂದರು ಅತ್ತಿಗೆ ಮುಕದ್ದೆಸ್.

"ಒಬ್ನೇ ಬಂದೆ ಅತ್ತಿಗೆ."

ಅತ್ತಿಗೆಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸೈನ್ಯದ ಆಳ್ವಿಕೆಯಲ್ಲಿ ಈ ಸೀಮೆಯೆಲ್ಲ ಪಾಷಾನ ಕೈಯಲ್ಲಿತ್ತು. ಗೋಡೆಗೆ ಪೋಸ್ಟರ್ ಅಂಟಿಸಿದ ತಪ್ಪಿಗೆ ಸೈನಿಕರು ಅತ್ತಿಗೆಯ ಮಗ ಸೆಮಿಹ್‌ನನ್ನು ಹಿಡಿದುಕೊಂಡು ಹೋದರು. ಹುಡುಗ ಬ್ಯಾರಕ್ಕಿನಲ್ಲೇ ಸತ್ತ. ಮೆರವಣಿಗೆ ಆದೀತೆಂದು ಯಾರ ಹೆಣವನ್ನೂ ಮನೆಗೆ ಕೊಡಕೂಡದು ಅಂತ ಪಾಷಾನದೇ ಆಜ್ಞೆಯಿತ್ತು. ಅಣ್ಣನ ಮಗನಿಗೂ ಅದನ್ನು ಸಡಿಲಿಸಲಿಲ್ಲ. 'ಸ್ವಂತ ರಕ್ತಕ್ಕೂ ಬಗ್ಗದ ಪಾಷಾ' ಎಂದು ಪತ್ರಿಕೆಗಳು ಹೊಗಳಿದವು. ಆ ಹೆಸರಿನ ಮೇಲೆಯೇ ಮಹಾಶಯರು ಚುನಾವಣೆ ಗೆದ್ದರು, ಮಂತ್ರಿಯೂ ಆದರು.

"ಬಾರೋ ರುಕ್ನು," ಅಂದರು ನಿಯಾಜಿ. "ದಪ್ಪ ಆಗಿದ್ದೀಯಲ್ಲೋ! ಸಂಸತ್ತಿನ ಊಟ ಮೈಗೆ ಹತ್ತಿದೆ."

ಪಾಷಾ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿದರು. "ಅಣ್ಣಾ, ನನ್ನ ಮೇಲಿರೋ ನಿನ್ನ ಋಣ ಬಿಟ್ಟುಬಿಡು."

"ಬಿಟ್ಟೆ ಕಣೋ. ಅಪ್ಪ ಹೋದ್ಮೇಲೆ ನಿನ್ನ ಓದಿಸಿದ್ದು, ಹಲಾಲ್. ನನ್ನ ಪಾಲಿನ ರೊಟ್ಟಿ ನಿನ್ನ ತಟ್ಟೆಗೆ ಹಾಕಿದ್ದು, ಅದೂ ಹಲಾಲ್."

ಪಾಷಾ ಅಣ್ಣನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡರು. ಕಣ್ಣೀರು ಬಂತು. ಸುಳ್ಳು ಕಣ್ಣೀರಲ್ಲ, ಹಾಗೆ ಹೇಳಿದರೆ ನನ್ನ ಬಾಯಿಗೆ ಹುಳ ಬಿದ್ದೀತು. ಆದರೂ ಎದೆ ಹಗುರಾಗಲಿಲ್ಲ.

"ಸೆಮಿಹ್‌ದು, ಅಣ್ಣಾ?"

"ಅದು ನಂದಲ್ವಲ್ಲೋ. ಅವನ ಜೀವದ ಋಣ ಬಿಡೋಕೆ ನಾನ್ಯಾರು? ಅವನನ್ನೇ ಕೇಳು."

"ಸತ್ತವನನ್ನ ಹೇಗೆ ಕೇಳ್ಲಿ?"

"ಗೋರಿ ಹತ್ರ ಕೂತು ಕೇಳಪ್ಪ, ಎಲ್ರೂ ಹಾಗೇ ಕೇಳ್ತಾರೆ." ನಿಯಾಜಿ ಏದುಸಿರಿನಲ್ಲೇ ತಮ್ಮನ ಕಡೆಗೆ ತಿರುಗಿದರು. "ನನ್ನನ್ನೂ ಅವನ ಪಕ್ಕದಲ್ಲೇ ಮಲಗ್ಸು. ಎಲ್ಲಿ ಹೂಳ್ಸಿದ್ದೀಯ, ಹೇಳು."

ಪಾಷಾ ಹಿಡಿದಿದ್ದ ಅಣ್ಣನ ಕೈಯನ್ನು ಹಾಸಿಗೆಯ ಮೇಲಿಟ್ಟರು. ಆಜ್ಞೆಗೆ ಸಹಿ ಹಾಕಿದ್ದು ತಾನು. ಹೊತ್ತವರು ಯಾರು, ಅಗೆದದ್ದು ಎಲ್ಲಿ, ಒಂದನ್ನೂ ವಿಚಾರಿಸಿರಲಿಲ್ಲ. ವಿಚಾರಿಸದೆ ಇರುವುದೇ ಜಾಣತನ ಅಂದುಕೊಂಡಿದ್ದ ಕಾಲ ಅದು. ಏನಾದರೊಂದು ಊರಿನ ಹೆಸರು ಹೇಳಿಬಿಡಲೇ ಅನ್ನಿಸಿತು. ಭಾಷಣದಲ್ಲಿ ಎಷ್ಟು ಸುಳ್ಳು ಹೇಳಿದವರೋ, ಆದರೆ ಅಣ್ಣನ ಕಣ್ಣೆದುರು ನಾಲಿಗೆ ಹೊರಳಲಿಲ್ಲ.

ಚಹಾ ತರುತ್ತಿದ್ದ ಅತ್ತಿಗೆ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಬಂದು ಮೈದುನನ ತೋಳು ಹಿಡಿದುಕೊಂಡರು. ಈಗ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ.

"ಹೇಳಪ್ಪ ರುಕ್ನು. ನಾನೇನೂ ಬೈಯಲ್ಲ, ದೇವ್ರಾಣೆ. ಎಲ್ಲಿದ್ದಾನೆ ಅಂತ ಮಾತ್ರ ಹೇಳು."

"ಎಲ್ಲಿ ಅಂತ ನಾನು ಯಾರನ್ನೂ ಕೇಳ್ಲೇ ಇಲ್ಲ ಅತ್ತಿಗೆ," ಅಂದರು ಪಾಷಾ.

ಅತ್ತಿಗೆ ತೋಳು ಬಿಟ್ಟರು. ನಿಯಾಜಿ ಗೋಡೆಯ ಕಡೆಗೆ ಮಗ್ಗುಲಾದರು.