ಹತ್ತು ವರ್ಷ ತೆರೆಯದ ಆ್ಯಪ್

ಸ್ಟುಡಿಯೋದ ಕಂಪ್ಯೂಟರ್ ಮತ್ತೆ ಅದೇ ರಾಗ ಎಳೆಯಿತು: ಜಾಗವಿಲ್ಲ. ಶಾಲೆಯವರ ಗ್ರೂಪ್ ಫೋಟೊಗಳು ಇನ್ನೂ ಕ್ಯಾಮೆರಾದಲ್ಲೇ ಕುಳಿತಿದ್ದವು, ಸಂಜೆಗೆ ಪ್ರಿಂಟ್ ಕೊಡಬೇಕಿತ್ತು. ಮಾವ ಕಟ್ಟಿದ ಸ್ಟುಡಿಯೋವನ್ನು ಈಗ ನಡೆಸುವ ಸೊಸೆ ಮೌಸ್ ಹಿಡಿದಳು. ಆದರೆ ಏನನ್ನೂ ಅಳಿಸಲು ಅವಳಿಗೆ ಕೈ ಬರಲಿಲ್ಲ.

ಅದಕ್ಕೆ ಕಾರಣವಿತ್ತು. ಆರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ, ಗಿರಾಕಿಗಳ ಫೋಟೊಗಳಿಗೆ ಜಾಗ ಮಾಡಲು ಹೋಗಿ, ಮನೆಯವರ ಫೋಲ್ಡರನ್ನೇ ಅಳಿಸಿಬಿಟ್ಟಿದ್ದಳು. ಇನ್ನೊಂದು ಪ್ರತಿ ಮಾವನ ಹತ್ತಿರ ಇದೆಯೆಂದು ಅವಳು, ಸೊಸೆಯ ಹತ್ತಿರ ಇದೆಯೆಂದು ಮಾವ ನಂಬಿ ಕುಳಿತಿದ್ದರು. ಮಗಳ ಮೊದಲ ನಾಲ್ಕು ವರ್ಷ ಹಾಗೆ ಮಾಯವಾಯಿತು. ಊರಿನ ಮಕ್ಕಳನ್ನೆಲ್ಲ ನಗಿಸಿ ಫೋಟೊ ತೆಗೆಯುವ ಮನೆಯಲ್ಲಿ ತಮ್ಮದೇ ಮಗುವಿನ ಬೊಚ್ಚುಬಾಯಿಯ ಒಂದು ಫೋಟೊ ಇಲ್ಲ! ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

"ಫೋಟೊ ಮುಟ್ಬೇಡಮ್ಮ, ಆ್ಯಪ್ ತೆಗಿ. ಉಪಯೋಗಿಸ್ದೇ ಇರೋವೇ ಎಷ್ಟಿದ್ಯೋ," ಎಂದಳು ಪಕ್ಕದ ಸ್ಟೂಲಿನಲ್ಲಿ ಕಾಲಾಡಿಸುತ್ತಿದ್ದ ಹತ್ತು ವರ್ಷದ ಮಗಳು.

ಪಟ್ಟಿ ತೆರೆದರು. ಮಾವನ ಇಸ್ಪೀಟು, ಎಂದೋ ಗುಜರಿಗೆ ಹೋದ ಪ್ರಿಂಟರಿನ ಆ್ಯಪ್, ಅವಳು ಮೂರೇ ದಿನ ಕಲಿತು ಕೈಬಿಟ್ಟ ಫ್ರೆಂಚ್. ಒಂದೊಂದನ್ನೂ ಎತ್ತಂಗಡಿ ಮಾಡಿದಳು. ಜಾಗ ಇನ್ನೂ ಸಾಲದು. ಕೆಳಗೆ ಇನ್ನೊಂದಿತ್ತು: ಕಾವಲುಗಾರ. ತೆರೆದು ಹತ್ತು ವರ್ಷ, ತಿಂದದ್ದು ಹದಿನೆಂಟು ಜಿಬಿ. ಬಾಣ ಹೋಗಿ ಅಳಿಸುವ ಗುಂಡಿಯ ಮೇಲೆ ನಿಂತಿತು.

"ಯಾರೂ ಮುಟ್ಟಿಲ್ಲ ಅಂದ್ಮೇಲೆ ಇಷ್ಟು ದಪ್ಪ ಹೇಗಾಯ್ತು? ಏನು ತಿಂತು?" ಎಂದಳು ಮಗಳು.

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅಳಿಸುವ ಬದಲು ಅಮ್ಮ ಅದನ್ನು ತೆರೆದಳು.

ಪರದೆಯ ತುಂಬ ಅವಳದೇ ಮುಖ. ಪ್ರತಿ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಕ್ಷಣ, ಪರದೆಯ ನೆತ್ತಿಯ ಪುಟ್ಟ ಕ್ಯಾಮೆರಾ ಒಂದು ಫೋಟೊ ತೆಗೆದು ತಾರೀಕು ಹಾಕಿ ಇಟ್ಟಿತ್ತು. ಮೊದಲ ಸಾಲಿನಲ್ಲಿ ಅವಳು ತುಂಬು ಬಸುರಿ. ಆಮೇಲೆ ಮೂರು ತಿಂಗಳು ಮಾವನೊಬ್ಬರೇ, ಕನ್ನಡಕ ಮೂಗಿನ ತುದಿಗೆ. ಆಮೇಲೆ ಅವಳ ಹೆಗಲ ಮೇಲೊಂದು ಬಟ್ಟೆಯ ಗಂಟು. ಗಂಟು ಕಣ್ಣು ಬಿಟ್ಟಿತು, ಅದಕ್ಕೆ ಕೂದಲು ಬಂತು, ಬೊಚ್ಚುಬಾಯಿ ತೆರೆದು ನಕ್ಕಿತು, ಒಂದು ದಿನ ಮೇಜು ಹಿಡಿದು ತಾನೇ ನಿಂತಿತು! ಅವಳು ಮೌಸ್ ಬಿಟ್ಟು ಪರದೆಯತ್ತ ಬಾಗಿದಳು. ಸಾವಿರಾರು ಬೆಳಗು ಇದರ ಮುಂದೆಯೇ ಕುಳಿತು ಎದ್ದಿದ್ದಾಳೆ, ಇದು ಎಲ್ಲವನ್ನೂ ನೋಡಿದೆ, ಒಂದನ್ನೂ ಬಿಟ್ಟಿಲ್ಲ.

"ಅದು ನಾನಾ?" ಮಗಳ ದನಿ ಪಿಸುಮಾತಾಗಿತ್ತು.

ಸೊಸೆ ಕೂಗಿ ಕರೆದದ್ದು ಕೇಳಿ ಮಾವ ಒಳಗಿನಿಂದ ಬಂದರು. ನೋಡಿ ಬಾಯಿಯ ಮೇಲೆ ಕೈಯಿಟ್ಟರು. "ನಾವಿಲ್ದಾಗ ಯಾರೋ ಇದನ್ನ ಆನ್ ಮಾಡ್ತಾರೆ ಅಂತ ಅನುಮಾನ ಇತ್ತು ಕಣಮ್ಮ. ಕಳ್ಳ ಸಿಗ್ಲಿ ಅಂತ ಹಾಕ್ಸಿದ್ದೆ. ಮರ್ತೇಬಿಟ್ಟೆ."

"ಸಿಕ್ಕಿದ್ದು ನಾನೇ, ತಾತ!"

ಎರಡು ಡಿಸ್ಕಿಗೆ ಎರಡು ಪ್ರತಿ ಹೋಯಿತು. "ಎಲ್ಲಿ, ತೋರ್ಸಿ," ಎಂದಳು ಸೊಸೆ. ಮಾವ ತಮ್ಮದನ್ನು ಎತ್ತಿ ತೋರಿಸಿದರು, ಅವಳು ತನ್ನದನ್ನು. ಎರಡನ್ನೂ ತೆರೆದು ನೋಡಿದ ಮೇಲೆಯೇ ಕಾವಲುಗಾರ ಕೂಡಿಟ್ಟ ಹಳೆಯ ಫೋಟೊಗಳನ್ನು ಕಂಪ್ಯೂಟರಿನಿಂದ ಅಳಿಸಿದಳು. ಕಾವಲುಗಾರನನ್ನು ಮಾತ್ರ ಇದ್ದಲ್ಲೇ ಬಿಟ್ಟಳು. ಕ್ಯಾಮೆರಾದಲ್ಲಿದ್ದ ಶಾಲೆಯ ಮಕ್ಕಳು ಗುಂಪು ಗುಂಪಾಗಿ ಕಂಪ್ಯೂಟರಿನೊಳಗೆ ಬಂದರು.

ಮಗಳು ತಾತನ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡುತ್ತಲೇ ಇದ್ದಳು. ಒಂದು ಫೋಟೊದ ಹತ್ತಿರ ನಿಂತಳು. ಅದರಲ್ಲಿ ಅಮ್ಮನ ಕಣ್ಣು ಊದಿದೆ. ತೊಡೆಯೇರಿ ನಿಂತ ನಾಲ್ಕು ವರ್ಷದ ಮಗು ಫ್ರಾಕಿನ ಅಂಚಿನಿಂದ ಅವಳ ಕೆನ್ನೆ ಒರೆಸುತ್ತಿದೆ.

"ಅಮ್ಮ, ಇಲ್ಲಿ ಯಾಕೆ ಅಳ್ತಿದ್ದೆ?"

ಅವಳು ಬಂದು ತಾರೀಕು ನೋಡಿದಳು. ಆರು ವರ್ಷದ ಹಿಂದಿನದು.

"ನಿನ್ನ ಫೋಟೊ ಒಂದೂ ಉಳಿದಿಲ್ಲ ಅಂತ."