ಹೂಮೀನು ಹೊಂಡ

ನನ್ನ ಗಂಡನ ಎಡಗಣ್ಣು ಹೋದದ್ದು ೧೯೭೮ರ ಅಕ್ಟೋಬರಿನಲ್ಲಿ, ಕಾಪು ದೀಪಸ್ತಂಭದ ಎದುರಿನ ಕಡಲಿನಲ್ಲಿ. ತೆಗೆದವನು ನನ್ನ ಸ್ವಂತ ಅಣ್ಣ, ದೂಮಪ್ಪ.

ಅಣ್ಣ ಆಗ ಕಾಪುವಿನ ಒಂದು ರಂಪಣಿ ಕಂಪೆನಿಯ ಯಜಮಾನ. ರಂಪಣಿ ಅಂದರೆ ದೋಣಿಯಲ್ಲಿ ಒಯ್ದು ಕಡಲಿಗೆ ಸುತ್ತು ಹಾಕಿ, ಎಂಬತ್ತು ತೊಂಬತ್ತು ಮಂದಿ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಅದು ತುಂಬಿ ಬಂದ ದಿನ ಊರಿನ ಯಾವ ಮನೆಯಲ್ಲೂ ಬಂಗುಡೆ ಮೀನು ಇಲ್ಲ ಎನ್ನುವ ಹಾಗಿರಲಿಲ್ಲ. ಮಲ್ಪೆಯಲ್ಲಿ ಪರ್ಸೀನ್ ಎಂಬ ಯಂತ್ರದ ಬೋಟುಗಳು ಶುರುವಾದ ಮೇಲೆ ಮೀನಿನ ಹಿಂಡು ದಡಕ್ಕೆ ಬರುವುದೇ ನಿಂತಿತು. ಅವು ದೂರದಲ್ಲೇ ಹಿಂಡನ್ನು ಸುತ್ತುಗಟ್ಟಿ, ಮರಿ ಎನ್ನದೆ ಮೊಟ್ಟೆಯ ಮೀನು ಎನ್ನದೆ ಬಾಚಿಕೊಳ್ಳುತ್ತಿದ್ದವು. ಎರಡು ವರ್ಷ ಬರೀ ಬಲೆ ಎಳೆದು ಸೋತ ಮೇಲೆ ನನ್ನ ಗಂಡ ಉಮಾನಾಥ ಮಲ್ಪೆಗೆ ಹೋಗಿ ಅಂಥದೇ ಒಂದು ಬೋಟು ಹತ್ತಿದರು. ಅಣ್ಣನಿಗೆ ಹೇಳಿಯೇ ಹೋದರು.

"ಹೋಗು ಭಾವ," ಎಂದಿದ್ದನಂತೆ ಅಣ್ಣ. "ಆದರೆ ಕಾಪುವಿನ ನೀರಿಗೆ ಮಾತ್ರ ಬರಬೇಡ."

ಬೋಟು ಎಲ್ಲಿಗೆ ಹೋಗಬೇಕೆಂದು ಬಲೆ ಎಳೆಯುವವನನ್ನು ಯಾರು ಕೇಳುತ್ತಾರೆ? ಆ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೋಟು ದೀಪಸ್ತಂಭದ ಎದುರಿಗೇ ಬಂದು ಬಲೆ ಹಾಕಿತು. ದಡದಲ್ಲಿದ್ದ ನಾವು ಹೆಂಗಸರು ನೋಡುತ್ತಿದ್ದಂತೆ ಹನ್ನೊಂದು ದೋಣಿಗಳು ನೀರಿಗಿಳಿದವು. ಮೊದಲನೆಯದರ ಮೂತಿಯಲ್ಲಿ ಅಣ್ಣ ನಿಂತಿದ್ದ.

ಮೊದಲು ನಮ್ಮವರು ಬೋಟಿನ ಬಲೆ ಕಡಿದರು. ಬೋಟಿನವರು ಕಬ್ಬಿಣದ ಕೊಕ್ಕೆ ಬೀಸಿದರು. ನಮ್ಮವನೊಬ್ಬನ ಕೆನ್ನೆ ಹರಿದು ಹಲ್ಲುಗಳು ಹೊರಗೆ ಕಂಡವು. ಆಮೇಲೆ ಯಾರೂ ಯಾರ ಮಾತನ್ನೂ ಕೇಳಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಗೋಣಿ ಹೊತ್ತಿಸಿ ಬೋಟಿನೊಳಗೆ ಎಸೆದರು. ಹೊಗೆಯ ನಡುವೆ ನನ್ನ ಗಂಡ ಎರಡೂ ಕೈ ಎತ್ತಿ, "ಭಾವ, ನಾನು! ನಾನು!" ಎಂದು ಕೂಗಿದ್ದು ದಡಕ್ಕೆ ಕೇಳಿಸಿತು. ಅಣ್ಣನ ಹುಟ್ಟು ಮೇಲೆದ್ದದ್ದನ್ನು ಕಂಡೆ. ಕೆಳಗೆ ಬಂದದ್ದನ್ನೂ ಕಂಡೆ.

ಯಾರೋ ಇವರನ್ನು ನೀರಿನಿಂದ ಎಳೆದು ತಂದು ಮರಳಿನ ಮೇಲೆ ಮಲಗಿಸಿದರು. ಮುಖದ ಎಡಭಾಗ ಒಡೆದ ತೆಂಗಿನಕಾಯಿಯ ಹಾಗೆ ಆಗಿತ್ತು. ನಾನು ಸೆರಗು ಒತ್ತಿ ಹಿಡಿದು ಸುತ್ತ ನೋಡಿದೆ. ಅಣ್ಣ ಹುಟ್ಟನ್ನು ಹೆಗಲ ಮೇಲೆ ಇಟ್ಟುಕೊಂಡು ಮನೆಯ ಕಡೆ ನಡೆದು ಹೋಗುತ್ತಿದ್ದ.

ಮಣಿಪಾಲದ ಆಸ್ಪತ್ರೆಗೆ ಪೊಲೀಸರು ಬಂದು ಹೊಡೆದದ್ದು ಯಾರೆಂದು ಕೇಳಿದರು.

"ಯಾರೂ ಹೊಡೆಯಲಿಲ್ಲ. ಬೋಟಿನ ಹಗ್ಗ ತುಂಡಾಗಿ ಬಡಿಯಿತು," ಎಂದರು ಇವರು.

ಪೊಲೀಸರು ಹೋದ ಮೇಲೆ ನಾನು ಕೂಗಾಡಿದೆ. "ನೀವು ಎಂತ ಮನುಷ್ಯರು? ಕಣ್ಣು ತೆಗೆದವನನ್ನು ಉಳಿಸುತ್ತೀರಾ?"

"ಅವನು ಜೈಲಿಗೆ ಹೋದರೆ ನನಗೆ ಕಣ್ಣು ಬರುತ್ತದಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಒಂದು ಕಣ್ಣಿನವರಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಮತ್ತೆ ಬೋಟು ಹತ್ತಲು ಹೋಗಿ ಮಲ್ಪೆ ಬಂದರಿನ ಧಕ್ಕೆಯ ಕಟ್ಟೆಗೂ ಬೋಟಿಗೂ ನಡುವೆ ಬಿದ್ದರು. ಎರಡು ಪಕ್ಕೆಲುಬು ಮುರಿಯಿತು. ಕಡಲು ಅಲ್ಲಿಗೆ ಮುಗಿಯಿತು.

ನಮಗೆ ಮಟ್ಟುವಿನಲ್ಲಿ, ಪಾಂಗಾಳ ಹೊಳೆಯ ಬದಿಗೆ, ಅಮ್ಮನಿಂದ ನನಗೆ ಬಂದ ಒಂದು ಗದ್ದೆ ಇತ್ತು. ಕಡಲು ಉಬ್ಬಿ ಭರತ ಬಂದಾಗ ಉಪ್ಪುನೀರು ನುಗ್ಗಿ ಭತ್ತ ಸುಟ್ಟುಹೋಗುತ್ತಿದ್ದ ಗದ್ದೆ. ಅದನ್ನು ತೋರಿಸಿ ಎಂತ ಮಾಡಬಹುದು ಎಂದು ನಾವು ಕೇಳಿದಾಗ, ಮೀನುಗಾರಿಕೆ ಇಲಾಖೆಯ ಲಿಯೋನೆಲ್ ಎಂಬ ಅಧಿಕಾರಿ ಪ್ಯಾಂಟು ಮಡಚಿ ಕೆಸರಿಗೆ ಇಳಿದು, ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಭತ್ತ ಬಿಡಿ, ಉಮಾನಾಥರೇ. ಇಲ್ಲಿ ಹೂಮೀನು ಸಾಕಬಹುದು."

"ಮೀನನ್ನು ಸಾಕುವುದಾ? ದನದ ಹಾಗೆ?"

"ದನದ ಹಾಗೆಯೇ. ಅದು ಪಾಚಿ ಮೇಯುತ್ತದೆ. ಒಂದು ಮೀನನ್ನು ಬೆಳೆಸಲು ಕಡಲಿನ ಹತ್ತು ಮೀನು ಅರೆದು ಹಾಕುವುದಾದರೆ ಎಂತ ಪ್ರಯೋಜನ? ಹೂಮೀನಿಗೆ ಅದು ಬೇಡ."

ಒಂದು ಬೇಸಿಗೆ ಪೂರ್ತಿ ನಾವಿಬ್ಬರೂ ಮಣ್ಣು ಹೊತ್ತು ಗದ್ದೆಯ ಸುತ್ತ ದಂಡೆ ಕಟ್ಟಿದೆವು. ಹೊಳೆಯ ಕಡೆಗೆ ತೂಬು ಇಟ್ಟು ಬಿದಿರಿನ ತಟ್ಟಿ ಕೂರಿಸಿದೆವು. ಸಗಣಿ ಹಾಕಿ ತೆಳ್ಳಗೆ ನೀರು ನಿಲ್ಲಿಸಿದರೆ ಹತ್ತು ದಿನದಲ್ಲಿ ತಳದಲ್ಲಿ ಪಾಚಿ ಹಾಸಿದಂತೆ ಬೆಳೆಯಿತು. ಏಪ್ರಿಲ್‌ನಲ್ಲಿ ಹೊಳೆಯ ಬಾಯಿಗೆ ಹೋಗಿ, ನೀರು ಇಳಿದ ಮೇಲೆ ಮರಳಿನ ಗುಂಡಿಗಳಲ್ಲಿ ಉಳಿಯುವ ಮರಿಗಳನ್ನು ಬಟ್ಟೆಯಲ್ಲಿ ಸೋಸಿ ತಂದೆವು. ನೂಲಿನ ತುಂಡಿನ ಹಾಗೆ ಇರುತ್ತವೆ. ಮೈ ಕಾಣುವುದೇ ಇಲ್ಲ, ಎರಡು ಕಪ್ಪು ಕಣ್ಣು ಮಾತ್ರ ಓಡಾಡುತ್ತವೆ. ನಾವು ತಾರದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಆ ಗುಂಡಿಯಲ್ಲೇ ಬೆಂದು ಸಾಯುತ್ತಿದ್ದವು.

ಮೊದಲ ವರ್ಷ ಅರ್ಧಕ್ಕರ್ಧ ಸತ್ತವು. ಮೂರನೆಯ ವರ್ಷದಿಂದ ಕೈ ಹಿಡಿಯಿತು. ಮಳೆಗಾಲದಲ್ಲಿ ಬೋಟು ಇಳಿಯದೆ ಊರಿನಲ್ಲಿ ಒಣಮೀನು ಮಾತ್ರ ಇರುವಾಗ, ನಾನು ಮೊಳಕೈ ಉದ್ದದ ಹಸಿ ಹೂಮೀನನ್ನು ಬುಟ್ಟಿಯಲ್ಲಿಟ್ಟು ಉಡುಪಿಯ ಮಾರುಕಟ್ಟೆಗೆ ಒಯ್ಯುತ್ತಿದ್ದೆ.

ಅತ್ತ ಕಾಪುವಿನಲ್ಲಿ ಅಣ್ಣನ ಕಂಪೆನಿ ಮುರಿಯಿತು. ರಂಪಣಿ ಬಲೆಯನ್ನು ತುಂಡು ತುಂಡು ಮಾಡಿ ಪಾಲುದಾರರು ಹಂಚಿಕೊಂಡರು. ಎಂಬತ್ತು ಮಂದಿಯ ಯಜಮಾನನಾಗಿದ್ದವನು ಬೆಳಗಿನಿಂದ ಹೆಂಡದಂಗಡಿಯಲ್ಲಿ ಕೂರತೊಡಗಿದ. ಆರು ವರ್ಷದಲ್ಲಿ ಒಮ್ಮೆಯೂ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ೧೯೮೪ರಲ್ಲಿ ಬಂಗುಡೆ ಪೂರ್ತಿ ಕೈಕೊಟ್ಟಿತು. ಭಜನಾ ಮಂದಿರದ ಜಗಲಿಯಲ್ಲಿ ಊರವರು ಸೇರಿದ್ದಾಗ ಅಣ್ಣ ಎದ್ದು ನಿಂತು, "ಹೊಳೆಯ ಬಾಯಿಯಲ್ಲಿ ಮರಿ ಬಾಚಿದರೆ ಕಡಲಿನಲ್ಲಿ ಮೀನು ಎಲ್ಲಿಂದ ಬರುತ್ತದೆ?" ಎಂದು ಕೇಳಿದನಂತೆ. ಮಲ್ಪೆಯ ಬೋಟುಗಳ ಮೇಲೆ ಕೈ ಮಾಡುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ನಮ್ಮ ಹೊಂಡ ಹತ್ತಿರವಿತ್ತು.

ನವೆಂಬರಿನ ಒಂದು ಮಧ್ಯಾಹ್ನ, ಹೊಳೆ ಇಳಿದಿದ್ದ ಹೊತ್ತಿನಲ್ಲಿ, ಏಳು ಮಂದಿ ದಂಡೆಯ ಮೇಲೆ ಬಂದರು. ಕೈಯಲ್ಲಿ ಹಾರೆ, ಪಿಕ್ಕಾಸು. ನಾನು ಆಚೆ ತುದಿಯಲ್ಲಿ ತಟ್ಟಿಗೆ ಬಿದಿರು ಸವರುತ್ತಿದ್ದೆ. ಅಣ್ಣ ತೂಬಿನ ಪಕ್ಕ ಮೊದಲ ಪೆಟ್ಟು ಹಾಕಿದ.

ಇವರು ಓಡಿ ಹೋಗಿ ಆ ಜಾಗದಲ್ಲೇ ಕಾಲೂರಿ ನಿಂತರು. "ಭಾವ, ಒಳಗೆ ನಾಲ್ಕು ಸಾವಿರ ಮೀನು ಉಂಟು. ಇನ್ನೂ ಬೆಳೆಯಲಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ನನಗೆ ಹೊಡಿ."

"ಏ, ಸರಿ ಆಚೆ!"

"ಸರಿಯುವುದಿಲ್ಲ."

ಹೊಡೆತ ಬಂದದ್ದು ಕುರುಡು ಕಣ್ಣಿನ ಕಡೆಯಿಂದ. ಒಬ್ಬ ಪಿಕ್ಕಾಸಿನ ಹಿಡಿಯಿಂದ ಮೊಣಕಾಲಿಗೆ ಬೀಸಿದ. ಇವರು ಕುಸಿದರು. ಇಬ್ಬರು ಬೆನ್ನಿಗೆ ಒದ್ದು ದಂಡೆಯ ಬುಡದ ಕೆಸರಿಗೆ ಕೆಡವಿದರು. ಉಳಿದವರು ಮಣ್ಣು ಕಡಿಯುತ್ತಲೇ ಇದ್ದರು. ನಾನು ಓಡಿ ಬರುವಷ್ಟರಲ್ಲಿ ದಂಡೆ ಬಿರುಕು ಬಿಟ್ಟು, ಮನೆಯ ಬಾಗಿಲಿನಷ್ಟು ಅಗಲದ ಮಣ್ಣು ಒಮ್ಮೆಲೇ ಹೊಳೆಗೆ ಜಾರಿತು. ನೀರು ಗರ್ಜಿಸಿಕೊಂಡು ಹೊರಬಿತ್ತು. ಅದರೊಂದಿಗೆ ಮೀನುಗಳೂ, ಬೆಳ್ಳಗೆ, ಒಂದರ ಮೇಲೊಂದು.

ಅಣ್ಣ ಅದನ್ನು ನೋಡಲೇ ಇಲ್ಲ. ಅವನು ಇವರ ಬೆನ್ನ ಮೇಲೆ ಮಂಡಿಯೂರಿ, ಬಲಗೈಯಿಂದ ತಲೆಯನ್ನು ಕೆಸರಿಗೆ ಒತ್ತಿ ಹಿಡಿದಿದ್ದ. ಇವರ ಕಾಲುಗಳು ಬಡಿದುಕೊಳ್ಳುತ್ತಿದ್ದವು.

"ಅಣ್ಣ, ಕೈ ತೆಗಿ."

ಅವನು ಒತ್ತಿದ.

"ಕೈ ತೆಗಿ ಅಣ್ಣ! ಸಾಯುತ್ತಾರೆ!"

ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಕುಡಿದಿರಲಿಲ್ಲ. ಕಣ್ಣು ತಿಳಿಯಾಗಿತ್ತು. ಇವರ ಕಾಲುಗಳ ಬಡಿತ ನಿಂತಿತು. ಬಿದಿರು ಸವರುವ ಕತ್ತಿ ನನ್ನ ಕೈಯಲ್ಲೇ ಇತ್ತು. ಆ ಮಣಿಕಟ್ಟಿಗೆ ಬೀಸಿದೆ. ಒಂದೇ ಪೆಟ್ಟಿಗೆ ಎಲುಬು ತುಂಡಾಗಲಿಲ್ಲ. ಇನ್ನೊಂದು ಹಾಕಿದೆ.

ಅಣ್ಣ ಪಕ್ಕಕ್ಕೆ ಕೂತು, ಚರ್ಮದಲ್ಲಿ ಜೋತು ಬಿದ್ದ ಕೈಯನ್ನು ಎಡಗೈಯಲ್ಲಿ ಹಿಡಿದು ಅದು ಯಾರದೋ ಎಂಬಂತೆ ನೋಡಿದ. ಜೊತೆಗೆ ಬಂದಿದ್ದ ಆರೂ ಮಂದಿ ಪಿಕ್ಕಾಸು ಬಿಸಾಡಿ ಓಡಿದರು. ನಾನು ಇವರನ್ನು ಮಗ್ಗುಲಿಗೆ ಹೊರಳಿಸಿ ಎಳೆದು, ಬಾಯಿಯೊಳಗೆ ಬೆರಳು ಹಾಕಿ ಕೆಸರು ತೆಗೆದು ಬೆನ್ನಿಗೆ ಗುದ್ದಿದೆ. ನಾಲ್ಕನೆಯ ಗುದ್ದಿಗೆ ಕೆಮ್ಮಿದರು. ಕಪ್ಪು ನೀರು ಕಾರಿ ಉಸಿರು ತೆಗೆದುಕೊಂಡರು.

ಮೊದಲ ಮಾತು, "ಅವನ ಕೈಗೆ ಏನಾದರೂ ಕಟ್ಟು, ಕುಶಲಾ."

ಸೀರೆ ಹರಿದು ಕಟ್ಟಿದೆ. ಹೊಳೆಯ ಎರಡೂ ಬದಿಯಲ್ಲಿ ಆಗಲೇ ಊರವರು ನೆರೆದಿದ್ದರು. ನಮ್ಮ ಸಹಾಯಕ್ಕೆ ಯಾರೂ ಬರಲಿಲ್ಲ. ಬುಟ್ಟಿ, ಕೊಡಪಾನ, ಉಟ್ಟ ಲುಂಗಿ, ಸಿಕ್ಕಿದ್ದರಲ್ಲೆಲ್ಲ ಮೀನು ಬಾಚುತ್ತಿದ್ದರು. ನನ್ನ ಅತ್ತಿಗೆ ಮನೋರಮಾಳನ್ನೂ ಆ ಗುಂಪಿನಲ್ಲಿ ಕಂಡೆ. ಈಚೆ ಬದಿಯಲ್ಲಿ ತನ್ನ ಗಂಡ ರಕ್ತದಲ್ಲಿ ಕೂತಿರುವುದು ಅವಳಿಗೆ ಗೊತ್ತಿರಲಿಲ್ಲ. ನಾನು ಹೆಸರು ಹಿಡಿದು ಕಿರುಚಿದ ಮೇಲೆ ಅವಳ ಬುಟ್ಟಿ ಕೈಯಿಂದ ಬಿತ್ತು.

ಮೂವರೂ ಸೇರಿ ಅಣ್ಣನನ್ನು ದೋಣಿಯಲ್ಲಿ ಹೊಳೆ ದಾಟಿಸಿದೆವು. ಮುರಿದ ಮೊಣಕಾಲಿನಲ್ಲೇ ಇವರು ಹುಟ್ಟು ಹಾಕಿದರು. ಪಾಂಗಾಳದಲ್ಲಿ ಹೆದ್ದಾರಿಯ ನಡುವೆ ನಾನು ಕೈಯಗಲಿಸಿ ನಿಂತು, ಮಲ್ಪೆಗೆ ಹೋಗುತ್ತಿದ್ದ ಮೀನಿನ ಲಾರಿಯೊಂದನ್ನು ನಿಲ್ಲಿಸಿದೆ. ಹಿಂದೆ ಖಾಲಿ ಪೆಟ್ಟಿಗೆಗಳ ನಡುವೆ ಅಣ್ಣನ ತಲೆ ನನ್ನ ತೊಡೆಯ ಮೇಲಿತ್ತು. ಮುಖ ಬಿಳುಚಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು.

"ಇವನು ಅವತ್ತು ಪೊಲೀಸರಿಗೆ ಸುಳ್ಳು ಯಾಕೆ ಹೇಳಿದ?"

"ನಿನ್ನನ್ನು ಉಳಿಸಲು."

"ನಾನು ಕೇಳಿದ್ದೆನಾ?" ಅವನು ಹಲ್ಲು ಕಚ್ಚಿದ. "ಜೈಲಿಗೆ ಹೋಗಿ ಬಂದಿದ್ದರೆ ಮುಗಿಯುತ್ತಿತ್ತು. ಆರು ವರ್ಷದಿಂದ ಊರವರು ನನ್ನನ್ನು ನೋಡುವುದೇ ಬೇರೆ. ಉಮಾನಾಥ ದೊಡ್ಡ ಮನಸ್ಸಿನವ, ದೂಮಪ್ಪ ಭಾವನ ಕಣ್ಣು ತೆಗೆದವ. ಅವನು ಸತ್ತರೆ ಸಾಕು ಎಂದು ಕಂಡಿತು ನನಗೆ. ಮರಿಯ ವಿಷಯ ಎಲ್ಲ ಸುಮ್ಮನೆ ಹೇಳಿದ್ದು."

ಎದುರಿಗೆ ಕೂತಿದ್ದ ಇವರು ಎಲ್ಲವನ್ನೂ ಕೇಳಿಸಿಕೊಂಡರು. ಲಾರಿ ಉದ್ಯಾವರದ ಸೇತುವೆ ದಾಟುವಾಗ ನಾನು ಮಾತ್ರ ಜೋರಾಗಿ ಅಳತೊಡಗಿದೆ. ದುಃಖದ ಅಳುವಲ್ಲ ಅದು. ಈ ಇಬ್ಬರು ಗಂಡಸರ ನಡುವಿನ ಮಾತಿಗೆ ನನ್ನ ಕೈಯಿಂದ ಕತ್ತಿ ಬೀಸಿಸಿದರಲ್ಲ ಎಂಬ ಸಿಟ್ಟು.

ಕೈ ಉಳಿಯಲಿಲ್ಲ. ನನ್ನನ್ನು ಬಂಧಿಸಿದರು. "ನೀನು ಏನೂ ಹೇಳಬೇಡ, ವಕೀಲರು ನೋಡಿಕೊಳ್ಳುತ್ತಾರೆ," ಎಂದರು ಇವರು. ಈ ಮನೆಯಲ್ಲಿ ಇನ್ನೊಂದು ಸುಳ್ಳು ಬೇಡ ಎಂದು, "ನಾನೇ ಕಡಿದೆ, ಎರಡು ಸಲ," ಎಂದು ಹೇಳಿದೆ. ನಾಲ್ಕು ತಿಂಗಳು ಮಂಗಳೂರಿನ ಜೈಲಿನಲ್ಲಿ ಕಳೆದೆ. ವಿಚಾರಣೆಯ ದಿನ ಅಣ್ಣ ಖಾಲಿ ತೋಳನ್ನು ಮಡಚಿ ಕಟ್ಟಿಕೊಂಡು ಸಾಕ್ಷಿಕಟ್ಟೆ ಹತ್ತಿದ. ವಕೀಲರು ಕೇಳುವ ಮೊದಲೇ ಶುರು ಮಾಡಿದ.

"ನಾನು ಕೊಲ್ಲುವುದಕ್ಕೇ ಒತ್ತಿ ಹಿಡಿದದ್ದು ಸ್ವಾಮಿ. ಅವಳು ಎರಡು ಸಲ ಹೇಳಿದಳು, ನಾನು ಬಿಡಲಿಲ್ಲ. ಆ ಭಾವನ ಕಣ್ಣು ತೆಗೆದವನೂ ನಾನೇ. ಅದನ್ನೂ ಬರೆದುಕೊಳ್ಳಿ."

ನನ್ನನ್ನು ಬಿಟ್ಟರು. ಆ ಮಾತಿನಿಂದ ಅವನ ಮೇಲೆಯೇ ಕೇಸು ನಡೆದು ಮೂರು ವರ್ಷ ಶಿಕ್ಷೆಯಾಯಿತು. ಪೊಲೀಸರ ಜೊತೆ ವ್ಯಾನು ಹತ್ತುವಾಗ ಅಣ್ಣನ ಮುಖದಲ್ಲಿ ಬಹಳ ವರ್ಷದಿಂದ ಕಾಣದಿದ್ದ ಒಂದು ಹಗುರವಿತ್ತು. ನನ್ನ ಎದೆಯಲ್ಲಿ ಅಂಥದೇನೂ ಇರಲಿಲ್ಲ.

ನಾನು ಮನೆಗೆ ಬಂದಾಗ ಹೊಂಡ ಒಣಗಿ ತಳ ಬಿರುಕು ಬಿಟ್ಟಿತ್ತು. ಇವರು ಕುಂಟುತ್ತಾ ಒಂದೊಂದೇ ಬುಟ್ಟಿ ಮಣ್ಣು ಹಾಕುತ್ತಿದ್ದರು. ಒಂದು ವಾರ ನಾನು ಅತ್ತ ತಲೆ ಹಾಕಲಿಲ್ಲ. ಎಂಟನೆಯ ದಿನ ಬುಟ್ಟಿ ತೆಗೆದುಕೊಂಡು ಇಳಿದೆ. ದಂಡೆಯ ಬಾಯಿ ಮುಚ್ಚಲು ಹದಿನೇಳು ದಿನ ಹಿಡಿಯಿತು. ಮರುವರ್ಷ, ಅವತ್ತು ದಂಡೆ ಕಡಿದವರಲ್ಲಿ ಇಬ್ಬರು ಬಂದು ಅಂಗಳದಲ್ಲಿ ನಿಂತರು. ಕಡಲಿನಲ್ಲಿ ಏನೂ ಸಿಗುವುದಿಲ್ಲ, ಉಪ್ಪುನೀರಿನ ಗದ್ದೆ ತಮಗೂ ಉಂಟು, ಮರಿ ಹಿಡಿಯುವುದು ಹೇಗೆ ಎಂದು ಕೇಳಿದರು. "ಕತ್ತಿ ಒಳಗೆ ಉಂಟು, ತರಲಾ?" ಎಂದೆ. ಇವರು ನನ್ನನ್ನು ಒಳಗೆ ಕಳಿಸಿ, ಅವರನ್ನು ಹೊಳೆಯ ಬಾಯಿಗೆ ಕರೆದುಕೊಂಡು ಹೋದರು. ಈಗ ಆಚೆ ದಡದಲ್ಲಿ ಮೂರು ಹೊಂಡಗಳಿವೆ.

ಅಣ್ಣ ಬಿಡುಗಡೆಯಾಗಿ ಬಂದದ್ದು ೧೯೮೮ರಲ್ಲಿ. ಆ ವರ್ಷದ ಜುಲೈಯಲ್ಲಿ ನಾವು ಹೊಂಡಕ್ಕೆ ಬಲೆ ಹಾಕಿ ಎಳೆಯುವ ದಿನ, ಕರೆಯದೆ ಬಂದು ದಂಡೆಯ ಮೇಲೆ ನಿಂತ. ಮಳೆ ಹನಿಯುತ್ತಿತ್ತು.

"ಒಂದು ತುದಿಗೆ ಜನ ಬೇಕಾ ಭಾವ?" ಎಂದು ಕೇಳಿದ.

"ಬೇಕು," ಎಂದರು ಇವರು.

ಅವನು ಎದೆಮಟ್ಟದ ನೀರಿಗಿಳಿದು ಬಲೆಯ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡ. ಕೈಯಿಲ್ಲದ ತೋಳಿನಿಂದ ಅದನ್ನು ಎದೆಗೆ ಒತ್ತಿ ಹಿಡಿದು, ಬೆನ್ನು ಬಗ್ಗಿಸಿ ಎಳೆದ. ಬಲೆ ಕಿರಿದಾದಂತೆ ಹೂಮೀನುಗಳು ಆಳೆತ್ತರ ಹಾರಿ ಅವನ ಮುಖಕ್ಕೂ ಎದೆಗೂ ಬಡಿದವು. ಇವರು ಇನ್ನೊಂದು ತುದಿಯಿಂದ, "ಸ್ವಲ್ಪ ನಿಧಾನ!" ಎಂದು ಕೂಗಿದರು. ಅವನು ನಿಧಾನ ಮಾಡಿದ.

ಯಾವಾಗಲೂ ಮೀನು ತುಂಬಲು ನಾನು ನೀರಿಗೆ ಇಳಿಯುತ್ತೇನೆ. ಅವತ್ತು ಇಳಿಯಲಿಲ್ಲ. ಅವನು ಹೊಂಡದಲ್ಲಿ ಇರುವಷ್ಟು ಹೊತ್ತೂ ದಂಡೆಯ ಮೇಲೆ ನಿಂತು, ಅವನ ಜೊತೆ ಬಂದಿದ್ದ ಮನೋರಮಾ ನೀರಿನಿಂದ ಎತ್ತಿ ಕೊಟ್ಟ ಮೀನುಗಳನ್ನು ಬುಟ್ಟಿಗೆ ಹಾಕುತ್ತಾ ಇದ್ದೆ.