ಫೋಟೋದಲ್ಲಿದ್ದ ಕಾಲರ್ ಯಾರದ್ದು?

ಬೆಳಿಗ್ಗೆ ಆರು ಗಂಟೆಗೆ ಬರಬೇಕಾದ ನೀರು ಆವತ್ತು ಬರಲಿಲ್ಲ. ಟೈಲರಕ್ಕ ನಲ್ಲಿ ತಿರುಗಿಸಿದರೆ ಬುಸ್ ಎಂದು ಬರೀ ಗಾಳಿ ಬಂತು. ಬಕೆಟ್ಟನ್ನು ಅಲ್ಲೇ ಬಿಟ್ಟು ಬೀದಿಗೆ ಇಣುಕಿದಳು. ಆಚೆ ಮನೆ, ಈಚೆ ಮನೆ, ಎಲ್ಲರೂ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಿಮ್ಮಲ್ಲಿ ಬಂತಾ?"

"ಎಲ್ಲಿ ಬಂತು? ನಿಮ್ಮ ನಾದಿನಿ ಪಂಪ್‌ಹೌಸಲ್ಲೇ ಇದ್ದಾಳಲ್ಲ, ಸ್ವಲ್ಪ ಕೇಳಿ ನೋಡಿ."

ಕೇಳುವುದಕ್ಕೆ ಟೈಲರಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಟ್ಟೆ ಹೊಲಿಸಲು ಬಂದವರ ಅಳತೆ ತೆಗೆಯುವಷ್ಟರಲ್ಲಿ ಅವಳು ಹತ್ತು ಪ್ರಶ್ನೆ ಕೇಳಿ ಮುಗಿಸಿರುತ್ತಿದ್ದಳು. ಈ ಜೇಬಲ್ಲಿ ಏನಿಡ್ತೀರಿ? ಎಡಗೈಯವರಾ? ಕೂತು ಮಾಡೋ ಕೆಲಸವೋ, ನಿಂತು ಮಾಡೋದೋ? ಗಂಡ ಅವಳಿಗೆ 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟು ಹದಿನೈದು ವರ್ಷವಾಗಿತ್ತು.

ನಾದಿನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮನೆಯವರೆಲ್ಲ 'ಪುಟ್ಟಿ' ಎಂದು ಕರೆಯುವ ಆ ನಾದಿನಿಗೆ ಈಗ ಮೂವತ್ತಾರು ವರ್ಷ. ಪಂಪ್‌ಹೌಸಿನಲ್ಲಿ ದಿನಾ ನೀರನ್ನು ಪರೀಕ್ಷೆ ಮಾಡಿ ಊರಿಗೆ ಬಿಡುವುದು ಅವಳ ಕೆಲಸ.

ಏಳು ಗಂಟೆಯ ಹೊತ್ತಿಗೆ ಗಂಡ ಶಾಲಾ ವ್ಯಾನಿನ ಕೀಲಿ ಕೈಯಲ್ಲಿ ಹಿಡಿದು ಹೊರಡುತ್ತಿದ್ದ. ಅವನ ಫೋನು ಟಿಣ್ ಎಂದಿತು. ತೆರೆದರೆ ಅಳುವ ಹೆಂಗಸಿನ ದನಿ.

"ತಾಯಂದಿರೇ, ನಮ್ಮೂರ ನೀರಿಗೆ ವಿಷ ಬಿದ್ದಿದೆ. ಹನ್ನೆರಡು ಮಕ್ಕಳು ದೊಡ್ಡಾಸ್ಪತ್ರೆಯಲ್ಲಿದ್ದಾರೆ. ಪಂಪ್‌ಹೌಸಿನವರಿಗೆ ಎಲ್ಲ ಗೊತ್ತು, ಮುಚ್ಚಿಡ್ತಿದ್ದಾರೆ. ಅದಕ್ಕೇ ಇವತ್ತು ನೀರು ಬಿಟ್ಟಿಲ್ಲ. ಈಗಲೇ ಎಲ್ಲರಿಗೂ ಕಳಿಸಿ."

ಜೊತೆಗೊಂದು ಫೋಟೋ. ಸಾಲು ಹಾಸಿಗೆ, ಮಲಗಿದ ಮಕ್ಕಳು, ಬಗ್ಗಿ ನಿಂತ ನರ್ಸ್.

ಒಳಗಿನಿಂದ ಅತ್ತೆ ಹೊಟ್ಟೆ ಹಿಡಿದುಕೊಂಡು ಬಂದರು. "ಅದಕ್ಕೇ ನನಗೆ ಬೆಳಿಗ್ಗೆಯಿಂದ ಹೊಟ್ಟೆ ಒಂಥರಾ ಆಗ್ತಿದೆ!"

"ಅತ್ತೆ, ಈಗ ತಾನೇ ತಿಂಡಿ ಎರಡು ಸಲ ತಟ್ಟೆಗೆ ಹಾಕಿಸ್ಕೊಂಡ್ರಲ್ಲ."

"ಆಮೇಲೆ ಶುರುವಾಯ್ತು."

ಅಷ್ಟರಲ್ಲಿ ಗಂಡನ ಹೆಬ್ಬೆರಳು ಕೆಲಸ ಮುಗಿಸಿತ್ತು. ವ್ಯಾನಿನ ಮಕ್ಕಳ ತಂದೆತಾಯಿಯರ ಗ್ರೂಪಿನಲ್ಲಿ ನೂರ ನಲವತ್ತು ಜನ. ಎಲ್ಲರಿಗೂ ಹೋಯಿತು.

"ಕಳಿಸೇಬಿಟ್ರಾ?"

"ಮಕ್ಕಳ ವಿಷಯ ಕಣೇ. ಸುಳ್ಳಾದ್ರೆ ಏನು ಗಂಟು ಹೋಗತ್ತೆ? ನಿಜವಾದ್ರೆ?"

ಟೈಲರಕ್ಕನಿಗೆ ಇನ್ನೊಂದು ಪ್ರಶ್ನೆ ಹೊಳೆಯಿತು. "ನಿಮಗೆ ಯಾರು ಕಳಿಸಿದ್ದು?"

"ಷಡ್ಡಕ."

ಅವಳು ತನ್ನ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ, "ನಮ್ಮನೆಯವರಿಗೆ ಕಟಿಂಗ್ ಅಂಗಡಿಯವನು ಕಳಿಸಿದ್ದು" ಎಂದಳು. ಕಟಿಂಗ್ ಅಂಗಡಿಯವನು, "ನನಗೆ 'ನಮ್ಮ ಊರು ನಮ್ಮ ಮಾತು' ಅನ್ನೋ ಪುಟದಿಂದ ಬಂತಕ್ಕ" ಎಂದ. ಆ ಪುಟ ಯಾರದ್ದು ಎಂದರೆ ಅವನಿಗೆ ಗೊತ್ತಿಲ್ಲ. ಒಂದು ತಿಂಗಳಿಂದ ಬರುತ್ತಿದೆಯಂತೆ. ಅಡುಗೆಮನೆ ಸಲಹೆ, ಸೂರ್ಯಾಸ್ತದ ಚಿತ್ರ, ನಗೆಹನಿ. ಊರಲ್ಲಿ ಅರ್ಧ ಜನ ಸೇರಿದ್ದಾರೆ. ನಡೆಸುವವರ ಮುಖವನ್ನು ಮಾತ್ರ ಒಬ್ಬರೂ ನೋಡಿಲ್ಲ.

ಟೈಲರಕ್ಕನಿಗೆ ಕುತೂಹಲ ಕೆರಳಿತು. ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದಳು. ಮಕ್ಕಳ ಮುಖ ಮಸುಕಾಗಿತ್ತು. ನರ್ಸಿನ ಬಟ್ಟೆ ಚೆನ್ನಾಗಿ ಕಾಣುತ್ತಿತ್ತು. ಅದರ ಮೇಲೆ ಕಣ್ಣು ನೆಟ್ಟು ನಿಂತವಳು, "ರೀ, ಇದು ನಮ್ಮ ಆಸ್ಪತ್ರೆ ಅಲ್ಲ" ಎಂದಳು.

"ಅದು ಹೆಂಗೆ ಹೇಳ್ತೀಯ?"

"ಜಿಪ್ ಇದೆ."

"ಏನು?"

"ಮುಂದುಗಡೆ ಜಿಪ್ ಇದೆ. ಕಾಲರ್ ಚೂಪಾಗಿದೆ. ದೊಡ್ಡಾಸ್ಪತ್ರೆ ನರ್ಸುಗಳ ಬಟ್ಟೆ ಮೂರು ವರ್ಷದಿಂದ ಹೊಲೀತಿರೋದು ನಾನು. ದುಂಡು ಕಾಲರ್, ಐದು ಗುಂಡಿ, ಎಡಗಡೆ ಜೇಬಲ್ಲಿ ಪೆನ್ನಿಗೆ ಸೀಳು. ಇದು ಯಾರೋ ಹೊಲಿದದ್ದು, ಇನ್ಯಾವುದೋ ಊರಲ್ಲಿ."

"ಮಕ್ಕಳ ಪ್ರಾಣ ಹೋಗ್ತಿದ್ರೆ ನೀನು ಕಾಲರ್ ನೋಡ್ತಾ ಕೂತಿದ್ದೀಯಲ್ಲೇ!"

"ನನಗೆ ಗೊತ್ತಿರೋದು ಅದೇ ತಾನೇ? ಗೊತ್ತಿರೋದನ್ನ ನೋಡಿದೆ."

ಆಸ್ಪತ್ರೆಯ ಬಟ್ಟೆ ಕೋಣೆ ನೋಡಿಕೊಳ್ಳುವಾಕೆಗೆ ಫೋನ್ ಮಾಡಿದಳು. ಹಿಂದಿನಿಂದ ಗದ್ದಲ ಕೇಳುತ್ತಿತ್ತು. "ಯಾವ ಹನ್ನೆರಡು ಮಕ್ಕಳಕ್ಕ? ಮಕ್ಕಳ ವಾರ್ಡಲ್ಲಿರೋದು ಮೂರು. ಒಂದಕ್ಕೆ ಕಾಲು ಮುರಿದಿದೆ, ಎರಡಕ್ಕೆ ಕೆಮ್ಮು. ಆದ್ರೆ ಹೊರಗೆ ನೋಡಿ, ಹೊಟ್ಟೆನೋವು ಅಂತ ಗೇಟಿನ ತನಕ ಜನ. ಹೆರಿಗೆಗೆ ಬಂದ ಆಂಬುಲೆನ್ಸು ಒಳಗೆ ಬರೋಕಾಗ್ದೆ ರಸ್ತೇಲೇ ನಿಂತಿದೆ."

ಟೈಲರಕ್ಕ ಗಂಡನ ಮುಖ ನೋಡಿದಳು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನೂ ಬಡಿದುಕೊಂಡಿತು. ಇನ್ನೊಬ್ಬ ವ್ಯಾನ್ ಡ್ರೈವರ್. "ಅಣ್ಣ, ನಿನ್ನ ಗ್ರೂಪಿನವರೆಲ್ಲ ಪಂಪ್‌ಹೌಸಿಗೆ ಹೊರಟಿದ್ದಾರೆ. ಗೇಟು ಒಡೆದು ಒಳಗಿರೋರನ್ನ ಹೊರಗೆ ಎಳೀತಾರಂತೆ."

ಅವನು ಕೀಲಿ ಹಿಡಿದು ಬಾಗಿಲಿಗೆ ಓಡಿದ. "ಪುಟ್ಟಿ ಒಳಗಿದ್ದಾಳೆ" ಎಂದ.

ಇಬ್ಬರೂ ವ್ಯಾನ್ ಹತ್ತಿದರು.

ಪಂಪ್‌ಹೌಸಿನ ಮುಂದೆ ನೂರೈವತ್ತು ಜನ ಸೇರಿದ್ದರು. ಒಂದು ಕಿಟಕಿಯ ಗಾಜು ಆಗಲೇ ಪುಡಿಯಾಗಿತ್ತು. ವೆಲ್ಡಿಂಗ್ ಅಂಗಡಿಯವನು ಗೇಟಿನ ಸರಪಳಿಗೆ ಕಬ್ಬಿಣದ ಸಲಾಕೆ ತೂರಿಸಿ ಮೀಟುತ್ತಿದ್ದ. ಒಳಗೆ ಕಾವಲುಗಾರ ಒಬ್ಬನೇ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ.

ಟೈಲರಕ್ಕ ವ್ಯಾನಿನ ಮೆಟ್ಟಿಲ ಮೇಲೆ ನಿಂತಳು. ಭಾಷಣ ಅವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದನ್ನೇ ಮಾಡಿದಳು.

"ಒಂದು ಮಾತು ಕೇಳ್ತೀನಿ! ಆಸ್ಪತ್ರೇಲಿರೋ ಹನ್ನೆರಡು ಮಕ್ಕಳಲ್ಲಿ ನಿಮ್ಮ ಮಗು ಯಾವುದು? ಅಲ್ಲಿ ಮಗು ಇರೋರು ಕೈ ಎತ್ತಿ."

ತಲೆಗಳು ತಿರುಗಿದವು. ಯಾರೂ ಕೈ ಎತ್ತಲಿಲ್ಲ.

"ಹೋಗ್ಲಿ, ತಮ್ಮನ ಮಗು? ಪಕ್ಕದ್ಮನೆ ಮಗು? ಹೆಸರು ಗೊತ್ತಿರೋ ಒಂದೇ ಒಂದು ಮಗು? ಇಷ್ಟು ಸಣ್ಣ ಊರಲ್ಲಿ ಹನ್ನೆರಡು ಮಕ್ಕಳು ಮಲಗಿದ್ರೆ, ಆ ಹನ್ನೆರಡು ತಾಯಂದಿರು ಎಲ್ಲಿ?"

ವೆಲ್ಡಿಂಗಿನವನು ಸಲಾಕೆ ಬಿಡಲಿಲ್ಲ. "ನಿಮ್ಮ ನಾದಿನಿ ಒಳಗಿದ್ದಾಳೆ. ನೀವು ಇನ್ನು ಹೇಗೆ ಮಾತಾಡ್ತೀರಿ?"

ಅದೂ ಸರಿಯಾದ ಮಾತೇ. ಆಗ ಗಂಡ ವ್ಯಾನಿನಿಂದ ಇಳಿದು ಗುಂಪಿನ ನಡುವೆ ಹೋದ.

"ನಿಮಗೆ ಅದನ್ನ ಕಳಿಸಿದ್ದು ನಾನು" ಎಂದ. "ದಿನಾ ನಿಮ್ಮ ಮಕ್ಕಳನ್ನ ಕರ್ಕೊಂಡು ಹೋಗೋನು ಅಂತ ನೀವು ನಂಬಿದ್ರಿ. ನಾನು ನೋಡ್ಲಿಲ್ಲ, ಕೇಳ್ಲಿಲ್ಲ, ಕಳಿಸ್ಬಿಟ್ಟೆ. ಆ ಫೋಟೋ ನಮ್ಮ ಆಸ್ಪತ್ರೇದಲ್ಲ. ನನ್ನ ಹೆಂಡತಿ ಫೋನ್ ಮಾಡಿ ವಿಚಾರಿಸಿದ್ದಾಳೆ. ಬೈಯೋದಿದ್ರೆ ನನ್ನ ಬೈಯಿರಿ."

ಗುಂಪಿನ ಸದ್ದು ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಪಂಪ್‌ಹೌಸಿನ ಬಾಗಿಲು ತೆರೆದು ಪುಟ್ಟಿ ಹೊರಬಂದಳು. ಮೊಣಕೈವರೆಗೂ ಗ್ರೀಸು, ಬಟ್ಟೆಯೆಲ್ಲ ಒದ್ದೆ.

"ನೀರು ಚೆನ್ನಾಗಿದ್ರೆ ಕುಡಿದು ತೋರ್ಸು!" ಎಂದು ಯಾರೋ ಕೂಗಿದರು.

"ಕುಡೀತೀನಿ. ಆದ್ರೆ ನಾನು ಕುಡಿದ್ರೆ ನಿಮಗೇನು ಗೊತ್ತಾಗತ್ತೆ? ಅದು ನಾಟಕ ಅಂತೀರಿ. ನಿಮ್ಮಲ್ಲಿ ಇಬ್ಬರು ಒಳಗೆ ಬನ್ನಿ, ಪರೀಕ್ಷೆ ಕಣ್ಣಾರೆ ನೋಡಿ. ಬರೋವಾಗ ಆ ಸಲಾಕೆ ತನ್ನಿ, ಎರಡನೇ ವಾಲ್ವು ತಿರುಗ್ತಾ ಇಲ್ಲ."

ವೆಲ್ಡಿಂಗಿನವನೂ, ಅವಳಿ ಮಕ್ಕಳ ತಾಯಿಯೊಬ್ಬಳೂ ಒಳಗೆ ಹೋದರು. ಅರ್ಧ ಗಂಟೆ ಹೊರಗೆ ಎಲ್ಲರೂ ಪಿಸುಗುಟ್ಟುತ್ತ ಕಾದರು. ಹೊರಬಂದಾಗ ವೆಲ್ಡಿಂಗಿನವನ ಅಂಗಿಗೂ ಗ್ರೀಸು ಮೆತ್ತಿತ್ತು. ಅವಳಿ ಮಕ್ಕಳ ತಾಯಿ, "ನಾನೇ ನನ್ನ ಕೈಯಾರೆ ಟ್ಯಾಂಕಿಂದ ನೀರು ತುಂಬಿ ಕೊಟ್ಟೆ. ನಾಲ್ಕು ಸಲ ಪರೀಕ್ಷೆ ಮಾಡಿದ್ರು. ನೀರಿಗೆ ಏನೂ ಆಗಿಲ್ಲ" ಎಂದಳು. ವೆಲ್ಡಿಂಗಿನವನು, "ಕಂಪ್ಯೂಟರೆಲ್ಲ ಕೆಟ್ಟು ಕೂತಿದೆ. ಈ ಹೆಣ್ಮಕ್ಕಳು ಬೆಳಿಗ್ಗೆ ನಾಲ್ಕರಿಂದ ಕೈಯಲ್ಲೇ ಚಕ್ರ ತಿರುಗಿಸ್ತಿದ್ದಾರೆ" ಎಂದು ಕಾವಲುಗಾರನ ಭುಜ ಮುಟ್ಟಿ, "ತಪ್ಪಾಯ್ತಪ್ಪ" ಅಂದ.

ಹತ್ತೂವರೆಗೆ ನಲ್ಲಿಗಳಲ್ಲಿ ನೀರು ಬಂತು.

ಸಂಜೆ ಐದಕ್ಕೆ ಪುಟ್ಟಿ ಅಣ್ಣನ ಮನೆಗೆ ಬಂದಳು. ಹೊಲಿಗೆ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. ಟೈಲರಕ್ಕ ಚಹಾ ಕೊಟ್ಟಳು, ಪ್ರಶ್ನೆಯನ್ನೂ ಕೊಟ್ಟಳು.

"ಕಂಪ್ಯೂಟರ್ ಕೆಟ್ಟಿದ್ದು, ಆ ಹೆಂಗಸು ಅತ್ತಿದ್ದು, ಎರಡೂ ಒಂದೇ ಬೆಳಿಗ್ಗೆ. ಕಾಕತಾಳೀಯಾನಾ?"

"ಅಲ್ಲ ಅತ್ತಿಗೆ. ಇವತ್ತು ಇನ್ನೂ ಮೂರು ಊರಲ್ಲಿ ಹೀಗೇ ಆಗಿದೆ. ಅದೇ ಫೋಟೋ, ಅದೇ ಅಳು. ಊರಿನ ಹೆಸರು ಮಾತ್ರ ಬೇರೆ. ಮೊದಲು ಕಂಪ್ಯೂಟರಿಗೆ ನುಗ್ಗಿ ನೀರು ನಿಲ್ಲಿಸೋದು, ಆಮೇಲೆ ಅದಕ್ಕೊಂದು ಸುಳ್ಳು ಕಾರಣ ಹಬ್ಬಿಸೋದು. ನೀರು ನಿಂತಿದ್ದು ನಿಜ ತಾನೇ? ಅದರ ಬೆನ್ನ ಮೇಲೆ ಸುಳ್ಳು ಕೂತು ಸವಾರಿ ಮಾಡತ್ತೆ. ಹೊರದೇಶದಿಂದ ಬಂದಿದೆ ಅಂತ ಸುಳಿವು ಸಿಕ್ಕಿದೆ. ಯಾರು ಅಂತ ತನಿಖೆ ನಡೀತಿದೆ."

ಅಣ್ಣ ತಲೆ ಕೆರೆದುಕೊಂಡ. "ನಮ್ಮೂರಲ್ಲಿ ಅವರಿಗೇನು ಸಿಗತ್ತೆ ಪುಟ್ಟಿ? ಕೋಟೆ ಇದ್ಯಾ, ಕೊತ್ತಲ ಇದ್ಯಾ? ದೇಶ ಕಾಯೋದು ಗಡೀಲಿರೋ ಸೈನಿಕರ ಕೆಲಸ. ನಾನೊಬ್ಬ ವ್ಯಾನ್ ಓಡ್ಸೋನು."

"ಗಡಿ ದಾಟೋಕೆ ಅವರಿಗೆ ಸೈನ್ಯ ಬೇಕು, ಬಂದೂಕು ಬೇಕು. ನಿನ್ನ ಫೋನಿಗೆ ಬರೋಕೆ ಏನೂ ಬೇಡ. ಇವತ್ತು ಅವರು ನೀರಿಗೆ ಒಂದು ತೊಟ್ಟು ವಿಷ ಹಾಕಿಲ್ಲ ಅಣ್ಣ. ಆದ್ರೂ ಆಸ್ಪತ್ರೆ ದಾರಿ ಬಂದ್ ಆಯ್ತು, ಪಂಪ್‌ಹೌಸಿನ ಗಾಜು ಒಡೀತು. ಮಾಡಿದ್ದು ಯಾರು? ನಾವೇ. ಇನ್ನು ಹತ್ತು ನಿಮಿಷ ಆಗಿದ್ರೆ ಪಂಪನ್ನೂ ಒಡೀತಿದ್ವಿ. ಆಗ ನಿಜವಾಗ್ಲೂ ವಾರಗಟ್ಟಲೆ ನೀರಿರ್ತಿರ್ಲಿಲ್ಲ. ಯುದ್ಧ ಅಂತ ಹೇಳದೆ ಮಾಡೋ ಯುದ್ಧ ಇದು. ಇಂದು ನೀರು, ನಾಳೆ ಕರೆಂಟು, ನಾಡಿದ್ದು ಮತದಾನ. ಕೊನೆಗೆ ಅವರಿಗೆ ಬೇಕಾಗಿರೋದು ಒಂದೇ, ನಾವು ಯಾರನ್ನೂ ನಂಬಬಾರದು."

"ಮತ್ತೆ ಕಂಪ್ಯೂಟರಿಗೆ ಹೆಂಗೆ ನುಗ್ಗಿದ್ರು? ಬೀಗ ಇರಲ್ವಾ?" ಎಂದಳು ಟೈಲರಕ್ಕ.

ಪುಟ್ಟಿ ಲೋಟ ಕೆಳಗಿಟ್ಟಳು.

"ಬಾಗಿಲು ತೆಗೆದದ್ದು ನಾನೇ ಅತ್ತಿಗೆ. ನಿನ್ನೆ ಮಧ್ಯಾಹ್ನ 'ಹೊಸ ರಜೆ ಪಟ್ಟಿ' ಅಂತ ಒಂದು ಮೇಲ್ ಬಂತು. ಸಾಹೇಬರ ಹೆಸರಲ್ಲೇ ಇತ್ತು. ತೆರೆದೆ. ಒಳಗೆ ಪಟ್ಟಿ ಇರಲಿಲ್ಲ, ಖಾಲಿ. ಮೋಸ ಹೋದೆ ಅಂತ ಗೊತ್ತಾಯ್ತು. ಯಾರಿಗೂ ಹೇಳದೆ ಸುಮ್ನಿರೋಣ ಅನ್ನಿಸ್ತು. ನಾಚಿಕೆ ಆಗಲ್ವಾ? ತರಬೇತೀಲಿ ಬೇರೆಯವರಿಗೆ ಬುದ್ಧಿ ಹೇಳಿದೋಳು ನಾನು! ಆದ್ರೂ ಒಂದು ಗಂಟೆಯೊಳಗೆ ಹೋಗಿ ಸಾಹೇಬರ ಹತ್ರ ಹೇಳ್ಬಿಟ್ಟೆ. ಅವರು ಬೈಲಿಲ್ಲ. ತಕ್ಷಣ ನೀರು ಶುದ್ಧ ಮಾಡೋ ಕಂಪ್ಯೂಟರಿನ ಸಂಪರ್ಕ ಕತ್ತರಿಸಿದ್ರು, ಕೈಯಲ್ಲಿ ವಾಲ್ವ್ ತಿರುಗಿಸೋ ತಂಡಕ್ಕೆ ಬೆಳಿಗ್ಗೆ ನಾಲ್ಕಕ್ಕೇ ಬರೋಕೆ ಹೇಳಿದ್ರು. ಪಂಪ್ ನಡೆಸೋ ಕಂಪ್ಯೂಟರ್ ಹೋಯ್ತು, ನೀರಿನ ಶುದ್ಧಿ ಉಳೀತು. ಹೇಳ್ದೇ ಇದ್ದಿದ್ರೆ..."

ಅಣ್ಣ ಎದ್ದು ಬಂದು ತಂಗಿಯ ತಲೆ ನೇವರಿಸಿದ. "ನೀನು ಒಂದು ಗಂಟೇಲಿ ಹೇಳ್ದೆ. ನಾನು ನೂರೈವತ್ತು ಜನ ಬೀದಿಗೆ ಬಂದ ಮೇಲೆ ಹೇಳ್ದೆ" ಎಂದ.

ಒಳಗಿನಿಂದ ಅತ್ತೆ ಕೂಗಿದರು. "ಹಾಗಾದ್ರೆ ನನ್ನ ಹೊಟ್ಟೆನೋವು?"

"ಅದು ಎರಡನೇ ಸಲ ಹಾಕಿಸ್ಕೊಂಡಿದ್ದಕ್ಕೆ ಅಮ್ಮ!" ಎಂದ ಮಗ. ಮೂವರೂ ನಕ್ಕರು.

ಆದರೆ ಆವತ್ತಿನದೆಲ್ಲ ನಗೆಯಲ್ಲೇ ಮುಗಿಯಲಿಲ್ಲ. ಆಂಬುಲೆನ್ಸಿನಲ್ಲಿದ್ದ ಹೆಂಗಸು ಮುಕ್ಕಾಲು ಗಂಟೆ ರಸ್ತೆಯಲ್ಲೇ ನರಳಿದ್ದಳು. ತಾಯಿ ಉಳಿದಳು, ಮಗುವೂ ಉಳಿಯಿತು. ಆದರೆ ಮಗುವನ್ನು ಆರು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿಕೊಳ್ಳಬೇಕಾಯಿತು. ವ್ಯಾನ್ ಡ್ರೈವರ್ ಆರೂ ದಿನ ಆಸ್ಪತ್ರೆಗೆ ಹೋದ. ವಾರ್ಡಿನ ಹೊರಗೆ ನಿಂತು, ಮಗು ಹೇಗಿದೆ ಎಂದು ಕೇಳಿ ಬರುತ್ತಿದ್ದ. ಸುಳ್ಳಾದರೆ ಏನು ಗಂಟು ಹೋಗುತ್ತದೆ ಎಂದು ಅವನು ಮತ್ತೆ ಯಾರ ಹತ್ತಿರವೂ ಹೇಳಲಿಲ್ಲ.

ಗ್ರೂಪಿನಲ್ಲಿ 'ನಾನು ಕಳಿಸಿದ್ದು ಸುಳ್ಳು' ಎಂದು ಬರೆದ. ಅಷ್ಟಕ್ಕೇ ಬಿಡದೆ, ಮರುದಿನ ವ್ಯಾನ್ ನಿಂತ ಪ್ರತಿಯೊಂದು ಕಡೆಯೂ ಇಳಿದು ತಂದೆತಾಯಿಯರಿಗೆ ಬಾಯಿಬಿಟ್ಟು ಹೇಳಿದ. ಕೆಲವರು ಮುಖ ತಿರುಗಿಸಿದರು, ಕೆಲವರು ಕೈ ಕುಲುಕಿದರು. ಇನ್ನೊಬ್ಬರು, "ನಾನೂ ಐವತ್ತು ಜನಕ್ಕೆ ಕಳಿಸಿದ್ದೆ, ನಾನೂ ಹೇಳಬೇಕಲ್ವಾ?" ಎಂದರು. ಟೈಲರಕ್ಕ ಮನೆಯಲ್ಲಿ ಮೂರು ದಿನಕ್ಕಾಗುವಷ್ಟು ಕುಡಿಯುವ ನೀರನ್ನು ಕ್ಯಾನುಗಳಲ್ಲಿ ತುಂಬಿಟ್ಟಳು. ಟಾರ್ಚು, ಬ್ಯಾಟರಿ ರೇಡಿಯೋ ಹುಡುಕಿ ಹೊರಗಿಟ್ಟಳು. ಪಂಪ್‌ಹೌಸು, ಆಸ್ಪತ್ರೆ, ಪೊಲೀಸ್ ಠಾಣೆಯ ನಂಬರುಗಳನ್ನು ಕಾಗದದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದಳು. ನೆಟ್‌ವರ್ಕು ಹೋದರೂ ಕಾಗದ ಎಲ್ಲೂ ಹೋಗುವುದಿಲ್ಲವಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ಸಂದೇಶ ನಿಮ್ಮ ಮನೆಗೂ ಬರುತ್ತದೆ. ನಿಮ್ಮವರೇ ಕಳಿಸುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ಓದಿದ ಕೂಡಲೇ ಹೆದರಿಕೆಯೋ ಸಿಟ್ಟೋ ಉಕ್ಕಿ ಬಂದರೆ, ಆಗಲೇ ಬೆರಳನ್ನು ಹಿಡಿದು ನಿಲ್ಲಿಸಿ. ಇದನ್ನು ಮೊದಲು ಹೇಳಿದ್ದು ಯಾರು, ಕಣ್ಣಾರೆ ಕಂಡವರು ಯಾರು ಎಂದು ಕೇಳಿ. ಸಂಬಂಧಪಟ್ಟ ಕಚೇರಿಗೆ ಒಂದು ಫೋನ್ ಮಾಡಿ. ನೀವು ಮಾಡುವ ಕೆಲಸ ನಿಮಗೆ ಏನು ಕಲಿಸಿದೆಯೋ ಆ ಕಣ್ಣಿನಿಂದ ನೋಡಿ. ಮೇಸ್ತ್ರಿಗೆ ಗೋಡೆ ಕಾಣುತ್ತದೆ, ಡ್ರೈವರಿಗೆ ರಸ್ತೆ ಕಾಣುತ್ತದೆ. ಗೊತ್ತಿಲ್ಲದ ಮೇಲ್, ಗೊತ್ತಿಲ್ಲದ ಲಿಂಕ್ ತೆರೆದುಬಿಟ್ಟಿದ್ದರೆ ನಾಚಿಕೆ ಬಿಟ್ಟು ತಕ್ಷಣ ಹೇಳಿ, ಹೇಳಿದವರನ್ನು ಬೈಯಬೇಡಿ. ಯಾರು ಮಾಡಿದರು ಎಂದು ತಿಳಿಯುವ ಮೊದಲೇ ಪಕ್ಕದ ಮನೆಯವರ ಮೇಲೆ ಬೆರಳು ತೋರಿಸಬೇಡಿ. ದೂರದಲ್ಲಿ ಕೂತವನಿಗೆ ಬೇಕಾಗಿರುವುದೇ ಆ ಬೆರಳು.

ಇವತ್ತು ಸಂಜೆ ನಿಮ್ಮ ಮನೆಯವರ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ನಾಳೆ ನೀರು ನಿಂತರೆ, ಕರೆಂಟು ಹೋದರೆ, ಫೋನು ಸತ್ತರೆ ನಾವು ಮೊದಲು ಯಾರ ಬಾಗಿಲು ತಟ್ಟುತ್ತೇವೆ? ನಮ್ಮ ಬಾಗಿಲು ಯಾರು ತಟ್ಟುತ್ತಾರೆ? ಆ ಹೆಸರುಗಳು ನಿಮ್ಮ ಬಾಯಿಗೆ ಸಲೀಸಾಗಿ ಬಂದರೆ, ನಿಮ್ಮ ಬೀದಿ ಗಟ್ಟಿಯಾಗಿದೆ ಎಂದು ತಿಳಿಯಿರಿ. ದೇಶ ಗಟ್ಟಿಯಾಗುವುದು ಅಂಥ ಬೀದಿಗಳಿಂದಲೇ.